ಮೂರನೆಯ ದಿನದ ಚಿಪ್ಪು

ಯಾರ ಮನೆಗೆ ಹೋದರೂ ಮೇಡಂ ಮೊದಲು ನೋಡುತ್ತಿದ್ದದ್ದು ಸ್ವಿಚ್ ಎಲ್ಲಿದೆ ಎಂದು. ಕುರ್ಚಿ ತೋರಿಸಿದರೆ ಕೂರುತ್ತಿರಲಿಲ್ಲ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು, ಅದೂ ಅರ್ಧ. ಉಳಿದ ಅರ್ಧದ ಲೋಟ ಕೈಯಲ್ಲಿ ಹಿಡಿದುಕೊಂಡೇ ಆ ಮನೆಯ ಟಿವಿಯ ಹತ್ತಿರ ಹೋಗಿ, ಸ್ವಿಚ್ ಆರಿಸಿ, ಮತ್ತೆ ಹಾಕಿ, ಅದು ಹೇಗೆ ಎಚ್ಚರವಾಗುತ್ತದೆ ಎಂದು ತಲೆ ಓರೆ ಮಾಡಿ ನೋಡುತ್ತಿದ್ದರು. ನನ್ನ ಅಕ್ಕನ ನಿಶ್ಚಿತಾರ್ಥದ ದಿನ ನಮ್ಮ ಮನೆಯಲ್ಲಿ ಹೀಗೆ ನಾಲ್ಕು ಸಲ ಮಾಡಿದರು. ನಾನು ಎಣಿಸಿದ್ದೆ. ಅವರು ಹೋದ ಮೇಲೆ ಅವ್ವ ಕೇಳಿದಳು, "ಆಕಿ ಕೈ ಒಂದು ಗಳಿಗಿ ಸುಮ್ನ ಇರಂಗಿಲ್ಲೇನು?"

ಇರುತ್ತಿರಲಿಲ್ಲ. ಈಗ ಆ ಕೈ ಸುಮ್ಮನಾಗಿ ಇಂದಿಗೆ ನಲವತ್ತೊಂದು ದಿನ. ಈ ನಲವತ್ತೊಂದು ದಿನಗಳಲ್ಲಿ ನನ್ನ ಕೈಗೆ ಆ ರೋಗ ಹತ್ತಿಕೊಂಡಿದೆ. ಬರೆಯಲು ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಏನನ್ನೋ ಆರಿಸಿ ಹಾಕಬೇಕೆನಿಸುತ್ತದೆ. ಆದ್ದರಿಂದ ಈ ಬರಹ ಒಂದೇ ಸಲಕ್ಕೆ ಆದದ್ದಲ್ಲ.

ಬಳ್ಳಾರಿಯ ಗಾಂಧಿನಗರದಲ್ಲಿ, ಕನ್ನಡಕದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ವರ್ಕ್‌ಶಾಪ್. ಕಾಲುವೆಯ ನೀರಿನ ಆಳ ಅಳೆಯುವ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತೇವೆ. ಪೆಟ್ಟಿಗೆಯನ್ನು ಕಾಲುವೆಯ ತೂಬಿನ ಗೋಡೆಗೆ ಬಿಗಿದರೆ ಅದು ಹತ್ತು ನಿಮಿಷಕ್ಕೊಮ್ಮೆ ಆಳ ನೋಡಿ, ಒಳಗಿರುವ ಉಗುರಿನಷ್ಟು ದೊಡ್ಡ ಮೆಮೊರಿ ಚಿಪ್ಪಿನಲ್ಲಿ ಬರೆದಿಡುತ್ತದೆ. ನೀರು ಬಳಕೆದಾರರ ಸಂಘದವರು ಆ ದಾಖಲೆ ನೋಡಿ ಯಾರ ಪಾಳಿಯಲ್ಲಿ ಎಷ್ಟು ನೀರು ಹರಿಯಿತು ಎಂದು ತೀರ್ಮಾನಿಸುತ್ತಾರೆ. ಬ್ಯಾಟರಿ ಯಾವಾಗ ಕೈಕೊಡುತ್ತದೋ ಹೇಳಲಾಗದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಹಿಂದಿನದೆಲ್ಲ ಉಳಿಯಬೇಕು. ಹಾಗೆ ಉಳಿಯುವಂತೆ ನೋಡಿಕೊಳ್ಳುವುದು ಮೇಡಂ ಅವರ ಕೆಲಸವಾಗಿತ್ತು. ನಾನು ಅವರ ಕೈಕೆಳಗೆ ಸೇರಿದ್ದೆ.

ಅವರು ಕೊಳಗಲ್ಲಿನವರು. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸಿಗೆ ಬರುತ್ತಿದ್ದರು. ಮೊದಲು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದರಂತೆ. ಚಿಪ್ಪಿನ ವಿದ್ಯೆಯನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ತಾವೇ ಓದಿ ಕಲಿತವರು. ಚಿಪ್ಪು ಮಾಡಿದವರು ಕೊಡುವ ಮಾಹಿತಿ ಪುಸ್ತಿಕೆಯನ್ನು ಊರಿಂದ ಬಂದ ಕಾಗದದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು, ನಡುನಡುವೆ "ಹೌದಾ?", "ಅಲೆಲೆ" ಎನ್ನುತ್ತಾ. ಚಿಪ್ಪು ಮಾರುವವನು ಆದೋನಿಯಿಂದ ಫೋನ್ ಮಾಡಿದರೆ ಮಾತ್ರ ತೆಲುಗಿಗೆ ತಿರುಗುತ್ತಿದ್ದರು. ಅವರ ತೆಲುಗು ಬೈಯುವುದಕ್ಕಷ್ಟೇ ಇತ್ತು. ಮೇಜಿನ ಮೇಲೆ ಬೆರಳುದ್ದದ ಒಂದು ಬುದ್ಧನ ಮೂರ್ತಿ. "ಈ ವರ್ಕ್‌ಶಾಪಿನಾಗ ಕುಂತಾಂವ ಅಂದ್ರ ಇಂವ ಒಬ್ನ," ಎಂದು ಅದನ್ನು ತೋರಿಸಿ ನಗುತ್ತಿದ್ದರು.

ನನಗೆ ಅವರಿಟ್ಟ ಹೆಸರು 'ಡೈರಿ'. ನಾನು ಎಲ್ಲವನ್ನೂ ಎಣಿಸಿ ಬರೆಯುವವನು. ಎಷ್ಟು ಹೊತ್ತಿಗೆ ಬಂದೆ, ಎಷ್ಟು ಬೆಸುಗೆ ಹಾಕಿದೆ, ಎಷ್ಟು ಚಹಾ ಕುಡಿದೆ, ಎಲ್ಲ ಇರುತ್ತದೆ. "ಏನಪಾ ಡೈರಿ, ಇವತ್ತು ನಾ ಎಷ್ಟು ಸಲ ಸಿಟ್ಟಿಗೆದ್ದೆ?" ಎಂದು ಸಂಜೆ ಬಸ್ಸಿಗೆ ಹೊರಡುವಾಗ ಕೇಳುತ್ತಿದ್ದರು. ನಾನು ಪುಟ ನೋಡಿ ಹೇಳುತ್ತಿದ್ದೆ. "ಕಮ್ಮಿ ಆತು," ಎನ್ನುತ್ತಿದ್ದರು.

ಚಿಪ್ಪಿಗೂ ನಮ್ಮ ಫೈಲುಗಳಿಗೂ ನಡುವೆ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಚಿಪ್ಪು ಎಷ್ಟು ದೊಡ್ಡದು, ಒಂದು ಸಲಕ್ಕೆ ಎಷ್ಟು ಬರೆಯುತ್ತದೆ, ಒಂದು ಸಲಕ್ಕೆ ಎಷ್ಟು ಅಳಿಸುತ್ತದೆ ಎಂಬ ಐದಾರು ಸಂಖ್ಯೆಗಳನ್ನು ನಾವೇ ಅದರಲ್ಲಿ ತುಂಬಬೇಕು. ಮೊದಲ ವಾರದಲ್ಲೇ ಮೇಡಂ ಇದನ್ನು ನನಗೆ ಹೇಳಿಕೊಟ್ಟರು. ಅತ್ತಿಂದಿತ್ತ ಓಡಾಡುತ್ತಲೇ ಹೇಳಿದರು.

"ಇದು ಪಾಟಿ ಅಲ್ಲಲೇ ಡೈರಿ, ಒಂದಕ್ಷರ ಬೆರಳಿಂದ ಒರಸಾಕ. ಇದು ಗದ್ದಿ. ಬರಿಯಾದು ಒಂದೊಂದ ಸಸಿ, ಅಳಸಾದು ಮಡಿಗಟ್ಟಲೆ. ಒಂದು ಮಡಿ ಎಷ್ಟು ದೊಡ್ಡದೈತಿ ಅಂತ ಡ್ರೈವರಿಗೆ ನೀನ ಹೇಳಬೇಕು. ಅದಕ್ಕ ಕಣ್ಣಿಲ್ಲ. ಇನ್ನ, ಅಳಸಿದ ಮ್ಯಾಲ ಚಿಪ್ಪಿನಾಗ ಏನಿರತೈತಿ?"

"ಸೊನ್ನೆ, ಮೇಡಂ."

"ತಪ್ಪು. ಎಲ್ಲಾ ಕಡಿ ಒಂದು. ಸೊನ್ನಿ ಐತಿ ಅಂದ್ರ ಯಾರೋ ಬರದಾರ ಅಂತ. ಖಾಲಿ ಅಂದ್ರ ಸೊನ್ನಿ ಅಲ್ಲ."

ಆ ವಾರ ಇದನ್ನು ಮೂರು ಸಲ ಕೇಳಿದರು. ಮೂರನೆಯ ಸಲ ನಾನು ಸರಿಯಾಗಿ ಹೇಳಿದೆ. ಡೈರಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ. ಬರೆದುಕೊಂಡರೆ ಕಲಿತಂತೆ ಎಂದು ಆಗ ತಿಳಿದಿದ್ದೆ.

ಪರೀಕ್ಷೆ ಮಾಡುವ ಅವರ ರೀತಿ ಒಂದೇ. ಪೆಟ್ಟಿಗೆ ಬರೆಯುತ್ತಿರುವಾಗಲೇ ಹೆಬ್ಬೆರಳಿನಿಂದ ಸ್ವಿಚ್ ಆರಿಸುವುದು. ಮತ್ತೆ ಹಾಕಿ, ಬರೆದದ್ದೆಲ್ಲ ಇದೆಯೇ ನೋಡುವುದು. ಇದನ್ನು ಯಂತ್ರದಿಂದ ಮಾಡಿಸಬಹುದಲ್ಲ ಎಂದು ಕೇಳಿದ್ದೆ. "ಯಂತ್ರ ಹೇಳಿದ ಹೊತ್ತಿಗೆ ಆರಸತೈತಿ. ಕರೆಂಟ್ ಯಾವಾಗರ ಹೇಳಿ ಹೋಗೇತೇನು?" ಎಂದರು. ಅವರ ಬಲ ಹೆಬ್ಬೆರಳಿನ ತುದಿ ಸ್ವಿಚ್ಚಿನ ಆಕಾರಕ್ಕೆ ಚಪ್ಪಟೆಯಾಗಿತ್ತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಗೆ ಐದು, ಕುರುಗೋಡಿಗೆ ಒಂದು, ಒಟ್ಟು ಆರು ಹೊಸ ಪೆಟ್ಟಿಗೆ ಮಾಡಬೇಕಿತ್ತು. ಚಿಪ್ಪು ಮಾರುವವನು ಹಳೆಯ ಮಾಲು ಮುಗಿದಿದೆ ಎಂದು ಬೇರೆ ಚಿಪ್ಪು ಕಳಿಸಿದ. ಮೇಲಿನ ಬರಹ ಅದೇ, ಕೊನೆಯ ಎರಡು ಅಕ್ಷರ ಮಾತ್ರ ಬೇರೆ. ಒಟ್ಟು ಗಾತ್ರವೂ ಅದೇ. ನಾನು ಹಳೆಯ ಸಂಖ್ಯೆಗಳನ್ನೇ ಉಳಿಸಿ, ಆರಕ್ಕೂ ಪ್ರೋಗ್ರಾಂ ತುಂಬಿದೆ. ಹೊಸ ಪೆಟ್ಟಿಗೆಗಳ ಮುಚ್ಚಳಕ್ಕೆ ಆಗಲೇ ಅಂಟು ಹಾಕಿಯಾಗಿತ್ತು, ಬಿಚ್ಚಲು ಬೇಸರ. ಹಾಗಾಗಿ ಪರೀಕ್ಷೆಯನ್ನು ಮೇಜಿನ ಮೇಲಿದ್ದ ಹಳೆಯ ಪೆಟ್ಟಿಗೆಯಲ್ಲೇ ಮಾಡಿದೆ. ಪ್ರೋಗ್ರಾಂ ಒಂದೇ ತಾನೆ. ಎರಡು ದಿನ, ಇನ್ನೂರು ಸಲ. ಡೈರಿಯಲ್ಲಿ ಐದೈದು ಗೆರೆಗಳ ನಲವತ್ತು ಕಟ್ಟು, ಕೆಳಗೆ: 'ಇನ್ನೂರೂ ಸರಿ.'

ಮೇಡಂ ಕುರುಗೋಡಿನಲ್ಲಿ ಜಾಗ ನೋಡಿಕೊಂಡು ಬಂದವರು ಬಾಗಿಲಲ್ಲೇ ಕೇಳಿದರು, "ಎಷ್ಟು ಸಲ?"

"ಇನ್ನೂರು, ಮೇಡಂ. ಎಲ್ಲ ಸರಿ."

ಅವರು ಸಹಿ ಹಾಕಿದರು.

ಆಗಸ್ಟ್‌ನಲ್ಲಿ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು, ಐವತ್ತರ ಒಬ್ಬ ಹೆಣ್ಣುಮಗಳು ಮಹಡಿ ಹತ್ತಿ ಬಂದಳು. ಹೆಸರು ಹುಲಿಗೆಮ್ಮ. ಸಿರುಗುಪ್ಪದಾಚೆ ದೇಶನೂರಿನವಳು, ಉಪಕಾಲುವೆಯ ಕಟ್ಟಕಡೆಯ ಗದ್ದೆ ಆಕೆಯದು. ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿಬ್ಯಾಗ್. ಅದನ್ನು ಮೇಡಂ ಅವರ ಮೇಜಿನ ಮೇಲೆ ಬೋರಲು ಹಾಕಿದಳು. ಒಣಗಿ ಬಿರುಕು ಬಿಟ್ಟ ಮಣ್ಣಿನ ಹೆಂಟೆಗಳು ಬುದ್ಧನ ಸುತ್ತ ಬಿದ್ದವು.

"ನಮ್ಮ ಕಾಲುವಿ ತಳದ ಮಣ್ಣಿದು. ನಿಮ್ಮ ಪೆಟಗಿ ನಮ್ಮ ಪಾಳಿ ಮೂರು ದಿನಾನೂ ಕಾಲುವಿ ಕಂಠಮಟ ತುಂಬಿತ್ತು ಅಂತ ಬರದೈತಂತಲ್ಲ. ಇದರಾಗ ನೀರು ಎಲ್ಲೈತಿ ತೋರಸ್ರಿ ಮೇಡಮ್ಮ."

ಆಕೆ ನಿಂತೇ ಹೇಳಿದ ಮಾತಿನ ಸಾರ ಇಷ್ಟು. ಸಸಿಮಡಿಯ ಸಸಿ ಬೆಳೆದು ನಾಟಿಗೆ ಮೀರುತ್ತಿದೆ. ಕೊನೆಯವರಿಗೆ ನೀರು ಮುಟ್ಟಿಲ್ಲ, ಇನ್ನೊಂದು ಪಾಳಿ ಕೊಡಿ ಎಂದು ಸಂಘಕ್ಕೆ ಕೇಳಿದ್ದಾರೆ. ಸಂಘದವರು ಪೆಟ್ಟಿಗೆಯ ದಾಖಲೆ ತೆಗೆದು ನೋಡಿದರೆ ಮೂರು ದಿನವೂ ಪೂರ್ತಿ ನೀರು. ಗುರುವಾರ ಸಿರುಗುಪ್ಪದಲ್ಲಿ ಸಭೆ, ಅಂದೇ ತೀರ್ಮಾನ.

"ಮ್ಯಾಲಿನವರು ಏನಂತಾರ ಗೊತ್ತೇನು? ನೀರು ಬಂದಿತ್ತು, ಹುಲಿಗೆಮ್ಮ ಮಲ್ಕೊಂಡಿದ್ಲು ಅಂತಾರ. ನಾ ಸುಳ್ಳಿ ಅಂತ ನಿಮ್ಮ ಪೆಟಗಿ ಸಾಕ್ಷಿ ಹೇಳಾಕತ್ತೈತಿ."

ಮೇಡಂ ಒಂದು ಹೆಂಟೆ ಎತ್ತಿಕೊಂಡು ಬೆರಳಿನಿಂದ ಪುಡಿ ಮಾಡಿದರು. ಅಂದೇ ದೇಶನೂರಿಗೆ ಹೋಗಿ ಆ ಪೆಟ್ಟಿಗೆ ಬಿಚ್ಚಿ ತಂದೆವು. ಮೇಡಂ ಭೂತಗನ್ನಡಿಯ ಕೆಳಗೆ ಚಿಪ್ಪಿನ ಮೇಲಿನ ಅಕ್ಷರ ಓದಿ, ಪುಸ್ತಿಕೆ ತೆಗೆದು, ಈ ಸಲ ಗಟ್ಟಿಯಾಗಿ ಓದದೆ ಮನಸ್ಸಿನಲ್ಲೇ ಓದಿದರು. ಆಮೇಲೆ ಕೈ ಚಾಚಿದರು. "ಡೈರಿ ಕೊಡು."

ಕೊಟ್ಟೆ. ಅವರು ಗೆರೆಗಳ ಕಟ್ಟಿನ ಮೇಲೆ ಹೆಬ್ಬೆರಳು ಎಳೆದು 'ಇನ್ನೂರೂ ಸರಿ' ಎಂಬಲ್ಲಿ ನಿಲ್ಲಿಸಿದರು.

"ಯಾವ ಚಿಪ್ಪು?"

ನಾನು ಮೇಜಿನ ಮೇಲಿದ್ದ ಹಳೆಯ ಪೆಟ್ಟಿಗೆಯ ಕಡೆ ನೋಡಿದೆ.

"ಎಷ್ಟು ಸಲ ಅಂತ ಬರದಿ. ಯಾವುದು ಅಂತ ಬರದಿಲ್ಲಲ್ಲೋ. ನಾನೂ ಎಷ್ಟು ಅಂತ ಕೇಳಿದೆ, ಯಾವುದು ಅಂತ ಕೇಳ್ಲಿಲ್ಲ."

ಆದದ್ದು ಇಷ್ಟೇ. ಹಳೆಯ ಚಿಪ್ಪಿನ ಮಡಿ ಸಣ್ಣದು. ಹೊಸದರ ಮಡಿ ಅದರ ಹದಿನಾರು ಪಟ್ಟು. ಚಿಪ್ಪು ತುಂಬುತ್ತಾ ಬಂದಾಗ ಹಳೆಯ ಜಾಗ ತೆರವು ಮಾಡಲು ಡ್ರೈವರ್ ಒಂದು ಸಣ್ಣ ಮಡಿ ಅಳಿಸು ಎಂದಿದೆ. ಚಿಪ್ಪು ಅಕ್ಕಪಕ್ಕದ ಹದಿನೈದನ್ನೂ ಸೇರಿಸಿ ಕಿತ್ತುಹಾಕಿದೆ. ದೇಶನೂರಿನವರ ಮೂರು ದಿನ ಆ ಹದಿನೈದರಲ್ಲಿತ್ತು. ಅಳಿಸಿದ ಜಾಗದಲ್ಲಿ ಎಲ್ಲ ಒಂದು. ಓದಿದರೆ ಬಹಳ ದೊಡ್ಡ ಸಂಖ್ಯೆ. ಅಳತೆಪಟ್ಟಿಗಿಂತ ದೊಡ್ಡ ಸಂಖ್ಯೆ ಬಂದರೆ ಪಟ್ಟಿಯ ತುದಿ ತೋರಿಸು ಎಂದು ವರದಿಯ ಪ್ರೋಗ್ರಾಮಿನಲ್ಲಿ ಬರೆದವನೂ ನಾನೇ. ಖಾಲಿ ಜಾಗ ತುಂಬಿದ ಕಾಲುವೆಯಾಗಿ ಕಾಗದದ ಮೇಲೆ ಬಂದಿತ್ತು.

ಬುಧವಾರವಿಡೀ ಮೇಡಂ ಆ ಚಿಪ್ಪನ್ನು ತುಂಡು ತುಂಡಾಗಿ ಓದಿದರು. ಪೆಟ್ಟಿಗೆಯೊಳಗೆ ಫೈಲು ಬರೆದಿಡುವ ವ್ಯವಸ್ಥೆ ಇದ್ದದ್ದರ ಮೇಲೆ ತಿದ್ದುವುದಿಲ್ಲ. ಪ್ರತಿ ಸಲ ಬೇರೆ ಜಾಗದಲ್ಲಿ ಹೊಸ ಪ್ರತಿ ಬರೆದು ಹಳೆಯದನ್ನು ರದ್ದಿ ಎಂದು ಗುರುತು ಹಾಕುತ್ತದೆ. ಆ ರದ್ದಿ ಎಲ್ಲಾದರೂ ಉಳಿದಿರಬೇಕು ಎಂದು ಅವರು ಹುಡುಕುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಮೊದಲ ದಿನ ಸಿಕ್ಕಿತು: ಕಾಲುವೆಯ ತಳದಲ್ಲಿ ಬೆರಳಿನಷ್ಟು ನೀರು. ನಾಲ್ಕೂವರೆಗೆ ಎರಡನೆಯ ದಿನ: ಅದೂ ಇಲ್ಲ. ಮೂರನೆಯದು ಸಿಗಲಿಲ್ಲ. ಆ ದಿನ ಅವರು ಏಳು ಚಹಾ ತರಿಸಿದರು, ಒಂದನ್ನೂ ಕುಡಿಯಲಿಲ್ಲ.

ಗುರುವಾರ ಸಭೆಯಲ್ಲಿ ಅರವತ್ತರ ಮೇಲೆ ಜನ. ಕಾಲುವೆಯ ಮೇಲ್ಭಾಗದವರು ಫ್ಯಾನಿನ ಕೆಳಗೆ, ಕೊನೆಯವರು ಬಾಗಿಲ ಬಳಿ. ಸಂಘದ ಅಧ್ಯಕ್ಷರು ಮೇಡಂ ಅವರಿಗೆ ಕುರ್ಚಿ ಹಾಕಿಸಿದರು. ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು.

"ಪೆಟಗಿಯಾಗಿನ ಚಿಪ್ಪಿಗೆ ಡ್ರೈವರ್ ಹೊಂದಿಸೋದ್ರಾಗ ನಾವು ತಪ್ಪಿದ್ವಿ. ತುಂಬಿತ್ತು ಅಂತ ಬಂದದ್ದು ತಪ್ಪು. ಮೊದಲ ಎರಡು ದಿನದ್ದು ಸಿಕ್ಕೈತಿ, ನೀರು ಬಂದಿಲ್ಲ. ಮೂರನೇ ದಿನದ್ದು ಅಳಿಸಿ ಹೋಗೈತಿ. ಗೊತ್ತಿಲ್ಲ."

ಫ್ಯಾನಿನ ಕೆಳಗಿನ ಒಬ್ಬ ರೈತ ನಕ್ಕ. "ಮಷೀನು ಸುಳ್ಳು ಹೇಳಂಗಿಲ್ಲ ಅಂತ ಹಚ್ಚಿಸಿದ್ರಿ. ಈಗ ಮಷೀನಿಗೂ ಮರವು ಬಂತೇನ್ರಿ?"

"ಮರವು ಅದಕ್ಕಲ್ರಿ, ನಮಗ," ಎಂದರು ಮೇಡಂ.

ಹುಲಿಗೆಮ್ಮ ಬಾಗಿಲಿಂದ ಎದ್ದು ಬಂದಳು. "ಎರಡು ದಿನ ಬರದಿದ್ದ ನೀರು ಮೂರನೇ ದಿನ ಮ್ಯಾಲಿಂದ ಇಳೀತೇನು? ಅದೂ ಸೊನ್ನಿ ಅಂತ ಬರದುಕೊಡು. ನಿಂದೇನು ಹೋಗತೈತಿ?"

"ಯಕ್ಕಾ, ಆ ಜಾಗ ಖಾಲಿ ಐತಿ. ಖಾಲಿ ಇದ್ದದ್ದನ್ನ ನಾ ಸೊನ್ನಿ ಅಂದ್ರ, ಇವರು ಅದನ್ನ ತುಂಬಿತ್ತು ಅಂದದ್ದೂ ಸರಿ ಆಗತೈತಿ."

"ನಿನ್ನ ನ್ಯಾಯ ನನ್ನ ಸಸಿಗೆ ನೀರು ಹಾಕತೈತೇನು?"

ಮೇಡಂ ಅವರ ಹೆಬ್ಬೆರಳು ಕುರ್ಚಿಯ ಬೆನ್ನಿನ ಮೇಲೆ, ಅಲ್ಲಿಲ್ಲದ ಸ್ವಿಚ್ಚೊಂದನ್ನು ಆರಿಸುತ್ತಾ ಹಾಕುತ್ತಾ ಇತ್ತು. ನಾನು ಅವರ ಹಿಂದೆ ಡೈರಿ ಹಿಡಿದು ಕೂತಿದ್ದೆ. ಸಂಖ್ಯೆ ತುಂಬಿದವನು ನಾನು ಎಂದು ಎದ್ದು ಹೇಳಬೇಕಿತ್ತು. ಎಷ್ಟು ಸಲ ಏಳಬೇಕೆಂದುಕೊಂಡೆ ಎಂದು ಮಾತ್ರ ಬರೆದುಕೊಂಡಿದ್ದೇನೆ. ಒಂಬತ್ತು.

ಸಂಘ ಎರಡು ದಿನದ ನೀರು ಕೊಟ್ಟಿತು. ದಾಖಲೆ ಇದ್ದದ್ದಕ್ಕೆ ಎರಡು, ಇಲ್ಲದ್ದಕ್ಕೆ ಇಲ್ಲ.

ಸಭೆ ಮುಗಿದ ಕೂಡಲೇ ಕುರುಗೋಡಿನ ಬಸ್ಸು ಹಿಡಿದೆವು. ಸಿರುಗುಪ್ಪದ ಉಳಿದ ನಾಲ್ಕು ಪೆಟ್ಟಿಗೆ ಸಂಘದವರೇ ಬಿಚ್ಚಿಟ್ಟಿದ್ದರು. ಕುರುಗೋಡಿನದು ಮಾತ್ರ ಇನ್ನೂ ಬರೆಯುತ್ತಿತ್ತು. ಚಿಪ್ಪು ಯಾವ ದಿನ ತುಂಬಿ ಅಳಿಸಲು ಶುರು ಮಾಡುತ್ತದೋ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟುಗಳಿದ್ದರೂ ಮೇಡಂ ಕಂಬ ಹಿಡಿದು ನಿಂತಿದ್ದರು.

"ತಪ್ಪು ನಂದು ಅಂತ ನಾನ ಹೇಳಬೇಕಿತ್ತು, ಮೇಡಂ," ಎಂದೆ.

"ಹೇಳಿದ್ರ ಆಕಿ ಗದ್ದಿಗೆ ನೀರು ಬರ್ತಿತ್ತೇನು?" ಎಂದರು. ನನ್ನ ತೊಡೆಯ ಮೇಲಿದ್ದ ಚೀಲ ತೋರಿಸಿ, "ಆ ಚೀಲ ಗಟ್ಟಿ ಹಿಡಕೊ. ಚಿಪ್ಪು ಬಿದ್ದೀತು," ಎಂದರು.

ಕುರುಗೋಡಿನಲ್ಲಿ ಪೆಟ್ಟಿಗೆ ತೆರೆದು ನೋಡಿದರೆ ತುಂಬಲು ನಾಲ್ಕು ದಿನ ಬಾಕಿ ಇತ್ತು. ಇದ್ದದ್ದನ್ನೆಲ್ಲ ನಕಲು ಮಾಡಿಕೊಂಡು ಡ್ರೈವರಿನಲ್ಲಿ ಆ ಒಂದು ಸಂಖ್ಯೆ ಬದಲಿಸಿದೆವು. ಬದಲಿಸಲು ಹಿಡಿದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಕೆಲಸ ಮುಗಿದ ಮೇಲೆ ಮೇಡಂ ಕಾಲುವೆಯ ಬದಿಯ ಕಲ್ಲಿನ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎದುರಿಗೆ ಗುಡ್ಡದ ಬಂಡೆಗಳು ಬಿಸಿಲಿಗೆ ಕಾದು ನಿಂತಿದ್ದವು. ಅವರು ಅವನ್ನೂ ನೋಡುತ್ತಿರಲಿಲ್ಲ.

ಮುಂದಿನ ವಾರ ಸುದ್ದಿ ಬಂತು. ಎರಡನೆಯ ದಿನ ಸಂಜೆ ನೀರು ಹುಲಿಗೆಮ್ಮನ ಗದ್ದೆಯ ಅರ್ಧಕ್ಕೆ ಬಂದು ನಿಂತಿತಂತೆ. ಅರ್ಧ ನಾಟಿಯಾಯಿತು. ಉಳಿದ ಸಸಿಯನ್ನು ಆಕೆ ಎಮ್ಮೆಗೆ ಹಾಕಿದಳು.

ಆಮೇಲೆ ವರ್ಕ್‌ಶಾಪಿನಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಮೇಡಂ ಮೊದಲಿನ ಹಾಗೆಯೇ ಇದ್ದರು: ಅರ್ಧ ಚಹಾ, ತೆಲುಗಿನಲ್ಲಿ ಬೈಗುಳ, ಡೈರಿ ಎಂದು ತಮಾಷೆ. ಬದಲಾದದ್ದು ಒಂದೇ. ಪರೀಕ್ಷೆ ಮುಗಿಸಿ ನಾನು ಸಂಖ್ಯೆ ಹೇಳಿದರೆ ತಟ್ಟನೆ ಕೇಳುತ್ತಿದ್ದರು, "ಯಾವುದಕ್ಕ?" ಈಗ ನನ್ನ ಡೈರಿಯ ಪ್ರತಿ ಎಣಿಕೆಯ ತಲೆಯ ಮೇಲೆ ಚಿಪ್ಪಿನ ಪೂರ್ತಿ ಹೆಸರಿದೆ, ಕೊನೆಯ ಎರಡು ಅಕ್ಷರ ಸಮೇತ.

ಎರಡು ವರ್ಷದ ಮೇಲೆ, ಈ ಹಂಗಾಮು ಶುರುವಾಗುವ ಮೊದಲು, ಎದೆನೋವು ಎಂದು ಆಸ್ಪತ್ರೆಗೆ ಹೋದ ಮೇಡಂ ವಾರದೊಳಗೆ ತೀರಿಕೊಂಡರು. ಹೋದ ಭಾನುವಾರ ನಾನು ಕೊಳಗಲ್ಲಿಗೆ ಹೋಗಿದ್ದೆ. ಅವರ ಮಗಳು ಒಂದು ಸ್ಟೀಲ್ ಡಬ್ಬಿ ತಂದು ಕೈಗಿಟ್ಟಳು. "ಅವ್ವ ಇದನ್ನ ಡೈರಿಗೆ ಕೊಡು ಅಂದಿದ್ಲು. ಡೈರಿ ಅಂದ್ರ ನೀವ ಹೌದಲ್ರಿ?"

ಡಬ್ಬಿಯಲ್ಲಿ ಹತ್ತಿಯಲ್ಲಿ ಸುತ್ತಿದ ಆ ಚಿಪ್ಪು. ಅದರ ಕೆಳಗೆ ಇನ್ನೂರು ಪುಟದ ನೋಟ್‌ಬುಕ್. ಪುಟದ ತಲೆಯಲ್ಲಿ 'ದೇಶನೂರು, ಮೂರನೇ ದಿನ', ಅದರ ಕೆಳಗೆ ಚಿಪ್ಪಿನ ಪೂರ್ತಿ ಹೆಸರು. ಅಳಿಸಿದ ಜಾಗದಲ್ಲೂ ಕೆಲವೊಮ್ಮೆ ಹಳೆಯ ಬರಹದ ಜಾಡು ಉಳಿದಿರುತ್ತದೆ. ವೋಲ್ಟೇಜ್ ಇಳಿಸಿಯೋ ಚಿಪ್ಪನ್ನು ಬಿಸಿ ಮಾಡಿಯೋ ಓದಿದರೆ ಅಪರೂಪಕ್ಕೆ ಕಾಣಬಹುದು. ಅವರು ಅದನ್ನೇ ಮಾಡುತ್ತಾ ಬಂದಿದ್ದರು. ಸಾಲು ಸಾಲಾಗಿ: ಎಷ್ಟು ವೋಲ್ಟೇಜ್, ತಣ್ಣಗೋ ಬಿಸಿಯೋ, ಮತ್ತು ಕೊನೆಗೆ ಒಂದೇ ಪದ. ಇಲ್ಲ. ಇಲ್ಲ. ಇಲ್ಲ.

"ಅಡಗಿಮನಿಯಾಗ ಹೆಂಚಿನ ಮ್ಯಾಲ ಇಟ್ಟು ಕಾಸತಿದ್ಲು," ಎಂದಳು ಮಗಳು. "ರೊಟ್ಟಿಗೊಂದು ಹೆಂಚು, ಇದಕ್ಕೊಂದು ಹೆಂಚು. ಇದರದ್ದು ನಾವು ಮುಟ್ಟಂಗಿರಲಿಲ್ಲ."

ಬಸ್ಸಿನಲ್ಲಿ ಎರಡು ಸಲ ಎಣಿಸಿದೆ. ನೂರಾ ಎಂಬತ್ತೇಳು. ಕೊನೆಯ ಸಾಲು ಆಸ್ಪತ್ರೆಗೆ ಸೇರುವುದಕ್ಕೆ ನಾಲ್ಕು ದಿನ ಮುಂಚಿನದು.

ನಿನ್ನೆ ಮಧ್ಯಾಹ್ನ ಮೇಡಂ ಅವರ ಮೇಜಿನ ಫೋನ್ ಹೊಡೆದುಕೊಂಡಿತು. ಎತ್ತಿದೆ. ಹುಲಿಗೆಮ್ಮ. ಪ್ರತಿ ಹಂಗಾಮಿಗೆ ಕಾಲುವೆಗೆ ನೀರು ಬಿಟ್ಟ ವಾರ ಆಕೆ ಮೇಡಂ ಅವರಿಗೆ ಫೋನ್ ಮಾಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಮೇಡಂ ಇನ್ನಿಲ್ಲ ಎಂದು ಹೇಳಿದೆ. ಆ ಕಡೆ ಎಮ್ಮೆಯ ಕೊರಳ ಗಂಟೆಯ ಸದ್ದು ಕೇಳಿತು.

"ಮೂರನೇ ದಿನದ್ದು ಸಿಕ್ತೇನು ಅಂತ ಕೇಳತಿದ್ದೆ ಆಕಿನ್ನ," ಎಂದಳು. "ಇಲ್ಲ ಯಕ್ಕಾ, ಹುಡಕಾಕತ್ತೀನಿ ಅಂತಿದ್ಲು. ಇಲ್ಲಿ ಇವರು ಇನ್ನೂ ಬಿಟ್ಟಿಲ್ಲ ನೋಡು. ಹೊತ್ತೇರಿ ಎದ್ರ ಸಾಕು, ಏನವಾ ಹುಲಿಗೆಮ್ಮ, ನೀರು ಬಂದು ಹೋತೇನು ಅಂತಾರ."

ನನಗೆ ಕೂರಲಾಗಲಿಲ್ಲ. ಎದ್ದು ನಿಂತು ಹೇಳಿದೆ. "ಯವ್ವಾ, ಆ ಡ್ರೈವರಿನ್ಯಾಗ ತಪ್ಪು ಸಂಖ್ಯಾ ತುಂಬಿದಾಂವ ನಾನು. ಮೇಡಂ ಅಲ್ಲ. ಆವತ್ತು ಸಭಾದಾಗ ಹಿಂದ ಕುಂತಿದ್ದೆ, ಹೇಳ್ಲಿಲ್ಲ."

"ಗೊತ್ತೈತಿ. ನಿನ್ನ ಮಾರಿ ನೋಡಿದ್ನಲ್ಲ," ಎಂದಳು ಹುಲಿಗೆಮ್ಮ. "ಸಿಕ್ತೇನು ಅಂತ ಕೇಳಿದೆ."

"ಇಲ್ಲ, ಯವ್ವಾ," ಎಂದೆ. "ಹುಡಕಾಕತ್ತೀನಿ."

"ಹ್ಞೂಂ," ಎಂದು ಆಕೆ ಫೋನ್ ಇಟ್ಟಳು.

ಹತ್ತಿಯಿಂದ ಚಿಪ್ಪು ತೆಗೆದು, ಅದರ ಮೇಲಿನ ಹೆಸರನ್ನು ಕೊನೆಯ ಎರಡು ಅಕ್ಷರದವರೆಗೂ ಓದಿ, ವೋಲ್ಟೇಜ್ ಇಳಿಸಿ ಸ್ವಿಚ್ ಹಾಕಿದೆ. ಎಲ್ಲ ಕಡೆ ಒಂದು. ಮೇಡಂ ಅವರ ನೋಟ್‌ಬುಕ್ಕಿನಲ್ಲಿ ಅವರ ಕೊನೆಯ ಸಾಲಿನ ಕೆಳಗೆ ನನ್ನ ಕೈಬರಹದಲ್ಲಿ ಬರೆದೆ: ನೂರಾ ಎಂಬತ್ತೆಂಟು. ಇಲ್ಲ.